ವೃತ್ತದೊಳಗಿನ ವೃತ್ತವನ್ನು ನಂಬಬಹುದೇ?

'ತಿರುಳು–ಕವಚ' ಕಣಗಳನ್ನು ಕುರಿತ ಲೇಖನಗಳನ್ನು ನೀವು ಓದಿರಬಹುದು. ಸಾಮಾನ್ಯವಾಗಿ ಒಂದು ವೃತ್ತ, ಅದರ ಸುತ್ತ ಇನ್ನೊಂದು ವೃತ್ತ. ಒಳಗೆ ಸಿಲಿಕಾ, ಹೊರಗೆ ಪಾಲಿಸ್ಟೈರೀನ್. ಕಪ್ಪುಹಲಗೆಯ ಮೇಲೆ ಬರೆಯಲು ಬಲು ಸುಲಭ. ಆದರೆ ಈ ಚಿತ್ರ ತಯಾರಕರ ಉದ್ದೇಶವನ್ನು ಹೇಳುತ್ತದೆಯೇ ಹೊರತು ಫಲಿತಾಂಶವನ್ನಲ್ಲ. ನನ್ನ ಆಕ್ಷೇಪ ಇಷ್ಟೆ.

ಸಿಲಿಕಾದ ಮೇಲ್ಮೈಗೆ ನೀರು ಹಿತ, ಪಾಲಿಸ್ಟೈರೀನಿಗೆ ಅಹಿತ. ಬರಿಯ ಸಿಲಿಕಾ ಕಣಗಳಿರುವ ನೀರಿನಲ್ಲಿ ಸ್ಟೈರೀನನ್ನು ಪಾಲಿಮರೀಕರಿಸಿದರೆ ಪಾಲಿಮರ್ ಬಹುಪಾಲು ತನ್ನ ಪಾಡಿಗೆ ಬೇರೆ ಕಣಗಳಾಗಿಬಿಡುತ್ತದೆ. ಆದ್ದರಿಂದ ಮೊದಲು ಸಿಲಿಕಾಕ್ಕೆ ಸಿಲೇನ್ ಸಂಯುಕ್ತವೊಂದನ್ನು ಕೂಡಿಸುತ್ತಾರೆ. ಅದರ ಒಂದು ತುದಿ ಸಿಲಿಕಾವನ್ನು ಹಿಡಿದುಕೊಂಡರೆ, ಇನ್ನೊಂದು ತುದಿಯ ದ್ವಿಬಂಧ ಬೆಳೆಯುತ್ತಿರುವ ಪಾಲಿಮರ್ ಸರಪಳಿಯೊಳಗೆ ಸೇರುತ್ತದೆ. ಆಮೇಲೂ ಸ್ಟೈರೀನನ್ನು ಹನಿಹನಿಯಾಗಿ ಬಿಡುವುದು ಮೇಲು. ಸಂಕ್ರಾಂತಿಗೆ ಕುಸುರೆಳ್ಳು ಮಾಡುವವರಿಗೆ ಇದನ್ನು ಹೇಳಬೇಕಾಗಿಲ್ಲ: ಪಾಕವನ್ನು ಒಮ್ಮೆಗೇ ಸುರಿದರೆ ಎಳ್ಳು ಮುದ್ದೆಯಾಗುತ್ತದೆ. ಇಷ್ಟೆಲ್ಲ ಮಾಡಿದರೂ ಎಷ್ಟೋ ಸಲ ಸಿಗುವುದು ಸೀತಾಫಲದಂತೆ ಗಂಟುಗಂಟಾದ, ಇಲ್ಲವೆ ಒಂದೇ ಮಗ್ಗುಲಿಗೆ ಪಾಲಿಮರ್ ಅಂಟಿದ ಕಣ.

ಹಾಗಾದರೆ ಕವಚ ಇದೆಯೆನ್ನಲು ಸಾಕ್ಷ್ಯವೇನು? ಕಣಗಳನ್ನು ಕಾಯಿಸಿ, ಪಾಲಿಮರ್ ಸುಟ್ಟುಹೋದಾಗ ಇಳಿಯುವ ತೂಕವನ್ನು ಮುಂದಿಡುವುದು ವಾಡಿಕೆ. ಲೆಕ್ಕ ಹಾಕಿ ನೋಡಿ. 200 ನ್ಯಾನೊಮೀಟರ್ ವ್ಯಾಸದ ಸಿಲಿಕಾ ಗೋಲದ ಮೇಲೆ 10 ನ್ಯಾನೊಮೀಟರ್ ದಪ್ಪದ ಕವಚವಿದ್ದರೆ ಅದರ ಗಾತ್ರ ತಿರುಳಿನ ಶೇ. 33. ಸಿಲಿಕಾದ ಸಾಂದ್ರತೆ 2, ಪಾಲಿಸ್ಟೈರೀನಿನದು 1.05 ಎಂದು ಹಿಡಿದರೆ ತೂಕದಲ್ಲಿ ಕವಚದ ಪಾಲು ಸುಮಾರು ಶೇ. 15. ಸರಿ. ಆದರೆ ಅಷ್ಟೇ ಪಾಲಿಮರ್ ಒಂದು ಮಗ್ಗುಲಿಗೆ ಗುಡ್ಡೆಯಾಗಿದ್ದರೂ ತಕ್ಕಡಿ ಹೇಳುವುದು 15 ಎಂದೇ! ತೊಳೆಯದೆ ಬಿಟ್ಟ ಬಿಡಿ ಪಾಲಿಮರ್ ಕಣಗಳಿದ್ದರಂತೂ ಅವೂ ಈ ಲೆಕ್ಕದಲ್ಲೇ ಸೇರುತ್ತವೆ.

ಇದಕ್ಕಿಂತ ಗಟ್ಟಿಯಾದ ಪುರಾವೆ ಸಾಧ್ಯ. 1998ರಲ್ಲಿ ಫ್ರಾಂಕ್ ಕರೂಸೊ, ರಾಚೆಲ್ ಕರೂಸೊ ಮತ್ತು ಹೆಲ್ಮುತ್ ಮೋವಾಲ್ಡ್ ಪಾಲಿಸ್ಟೈರೀನ್ ಗೋಲಗಳ ಮೇಲೆ ಧನಾವೇಶದ ಪಾಲಿಮರ್, ಋಣಾವೇಶದ ಸಿಲಿಕಾ ನ್ಯಾನೊಕಣ ಹೀಗೆ ಪದರದ ಮೇಲೆ ಪದರ ಕೂರಿಸಿದರು. ಬಳಿಕ ತಿರುಳನ್ನೇ ಸುಟ್ಟು ತೆಗೆದು, ಉಳಿದ ಟೊಳ್ಳು ಗೋಲಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ತಿರುಳು ಹೋದ ಮೇಲೂ ಗೋಲವಾಗಿ ನಿಂತದ್ದನ್ನು ಕವಚವಲ್ಲವೆನ್ನುವುದು ಕಷ್ಟ.

ತಿರುಳು ಸಿಲಿಕಾ ಆಗಿದ್ದರೆ ಅದನ್ನು ಕರಗಿಸಲು ಹೈಡ್ರೊಫ್ಲೋರಿಕ್ ಆಮ್ಲ ಬೇಕಾದೀತು. ಕಾಲೇಜು ಪ್ರಯೋಗಾಲಯದಲ್ಲಿ ಅದರ ಗೋಜು ಬೇಡ. ಅಂಥಲ್ಲಿ ಸೂಕ್ಷ್ಮದರ್ಶಕದ ಚಿತ್ರವನ್ನೇ ಕೇಳಿ. ಆಯ್ದ ಒಂದು ಚೆಲುವಾದ ಕಣದ್ದಲ್ಲ, ಬಿಡಿ ಪಾಲಿಮರ್ ಕಣಗಳಿದ್ದರೆ ಅವೂ ಕಾಣುವಷ್ಟು ವಿಸ್ತಾರವಾದದ್ದು.