ಕೊಳೆತ ಮೊಟ್ಟೆಯ ವಾಸನೆ, ಐದು ಸೆಲ್ಲುಗಳ ಲೆಕ್ಕ

ಅಮೆರಿಕದ ಮೋಟಾರ್‌ಹೋಮ್‌ಗಳಲ್ಲಿ ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿ ಬೇರೆ, ಒಳಗಿನ ದೀಪ, ನೀರಿನ ಪಂಪು, ಹೀಟರಿನ ಫ್ಯಾನು ನಡೆಸುವ ಬ್ಯಾಟರಿ ಬೇರೆ. ಈ ಎರಡನೆಯದನ್ನು ಹೌಸ್ ಬ್ಯಾಟರಿ ಎನ್ನುತ್ತಾರೆ. ಎಷ್ಟೋ ಗಾಡಿಗಳಲ್ಲಿ ಅದು ಕೂರುವ ಜಾಗ ಹತ್ತುವ ಮೆಟ್ಟಿಲಿನ ಅಡಿಯಲ್ಲಿ ಇಲ್ಲವೇ ಮಂಚದ ಕೆಳಗೆ. ಅಂಥ ಗಾಡಿಯೊಳಗೆ ಕೊಳೆತ ಮೊಟ್ಟೆಯ ವಾಸನೆ ಎದ್ದರೆ ಜನ ಮಾಡುವುದು ಹೆಚ್ಚುಕಡಿಮೆ ಒಂದೇ. ಮೊದಲ ಗುಮಾನಿ ಶೌಚದ ಟ್ಯಾಂಕಿನ ಮೇಲೆ, ಆಮೇಲೆ ಬಿಸಿನೀರಿನ ಹಂಡೆಯ ಮೇಲೆ, ಆಮೇಲೆ ಅಡುಗೆ ಗ್ಯಾಸಿನ ಮೇಲೆ. ಎಲ್ಲವೂ ಮುಗಿದ ಮೇಲೆ ಬ್ಯಾಟರಿಯ ಸರದಿ. ಅಷ್ಟು ಹೊತ್ತಿಗೆ ಕಿಟಕಿ ತೆರೆದಿರುತ್ತದೆ, ವಾಸನೆ ತಗ್ಗಿರುತ್ತದೆ, ಹುಡುಕಾಟವೂ ಅಲ್ಲಿಗೇ ನಿಲ್ಲುತ್ತದೆ. ಈ ಪದ್ಧತಿಯ ದೋಷ ಬರೀ ಸರದಿಯದಲ್ಲ. ಹುಡುಕಾಟ ಶುರುಮಾಡಲೂ ಮುಗಿಸಲೂ ಅದು ಮೂಗನ್ನೇ ನಂಬುತ್ತದೆ. ಶುರುಮಾಡಲು ಮೂಗು ಸಾಕು, ಮುಗಿಸಲು ಸಾಲದು.

ಗುಮಾನಿಗಳು ಆಧಾರವಿಲ್ಲದವಲ್ಲ ಎಂಬುದನ್ನು ಒಪ್ಪಲೇಬೇಕು. ಶೌಚದ ಟ್ಯಾಂಕಿನಿಂದ ಬರುವುದೂ ಹೈಡ್ರೋಜನ್ ಸಲ್ಫೈಡ್, ಮಿತಿಮೀರಿ ಚಾರ್ಜ್ ಆದ ಲೆಡ್-ಆಸಿಡ್ ಬ್ಯಾಟರಿಯಿಂದ ಬರುವುದೂ ಅದೇ. ಬಿಸಿನೀರಿನ ಹಂಡೆಯೊಳಗಿನ ಮೆಗ್ನೀಸಿಯಂ ಕಡ್ಡಿಯ ಜೊತೆ ಸೇರಿ ಕೆಲವು ಬ್ಯಾಕ್ಟೀರಿಯಾಗಳು ಹುಟ್ಟಿಸುವುದೂ ಅದನ್ನೇ. ಪ್ರೊಪೇನ್‌ಗೆ ಎಚ್ಚರಿಕೆಗೆಂದು ಬೆರೆಸುವ ಈಥೈಲ್ ಮರ್ಕ್ಯಾಪ್ಟನ್ ಕೂಡ ಗಂಧಕದ ಮನೆತನದ್ದೇ. ಆದ್ದರಿಂದ ಗ್ಯಾಸಿನ ವಾಲ್ವ್ ಮುಚ್ಚಿ ಎಲ್ಲರನ್ನೂ ಹೊರಗೆ ಕಳಿಸುವುದು ಸರಿಯಾದ ಮೊದಲ ಹೆಜ್ಜೆ. ತಪ್ಪುವುದು ಅದರ ನಂತರ. ನೆಲದ ಹತ್ತಿರ ಇರುವ ಪ್ರೊಪೇನ್ ಅಲಾರಂ ಕೂಗುತ್ತಿದೆ, ವಾಲ್ವ್ ಮುಚ್ಚಿದ ಮೇಲೂ ನಿಲ್ಲುತ್ತಿಲ್ಲ ಎಂದರೆ ಅಲಾರಮೇ ಕೆಟ್ಟಿದೆ ಎಂದು ಅದರ ತಂತಿ ಕೀಳುವವರಿದ್ದಾರೆ. ಬ್ಯಾಟರಿಯಿಂದ ಏಳುವ ಅನಿಲಕ್ಕೂ ಇಂಥ ಅಲಾರಂ ಕೂಗಬಲ್ಲದು. ಅದನ್ನು ಬಾಯಿ ಮುಚ್ಚಿಸುವುದೆಂದರೆ ನಿಜ ಹೇಳುತ್ತಿದ್ದ ಸಾಕ್ಷಿಯನ್ನೇ ಹೊರಗೆ ಹಾಕಿದಂತೆ.

ಅನುಭವಸ್ಥರ ಮೂಗು ಈ ವಾಸನೆಗಳನ್ನು ಬೇರೆ ಮಾಡಬಲ್ಲದು ಎನ್ನುವ ವಾದವಿದೆ. ಬೇರೆ ಮಾಡಬಲ್ಲದು ಎಂದೇ ಇಟ್ಟುಕೊಳ್ಳೋಣ. ಆದರೂ ಎರಡು ಕಡೆ ಅದು ಕೈಕೊಡುತ್ತದೆ. ಬ್ಯಾಟರಿ ಕುದಿಯುವಾಗ ಎಲ್ಲಕ್ಕಿಂತ ಹೆಚ್ಚಾಗಿ ಹೊರಬರುವುದು ಜಲಜನಕ. ಅದಕ್ಕೆ ವಾಸನೆಯೇ ಇಲ್ಲ. ಗಾಳಿಯಲ್ಲಿ ಅದರ ಪಾಲು ಶೇ. 4 ದಾಟಿದರೆ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಇನ್ನು ಹೈಡ್ರೋಜನ್ ಸಲ್ಫೈಡ್ ಹತ್ತು ಲಕ್ಷಕ್ಕೆ ಒಂದು ಪಾಲಿಗಿಂತ ಕಡಿಮೆ ಇದ್ದಾಗಲೂ ಮೂಗಿಗೆ ಬಡಿಯುತ್ತದೆ, ಆದರೆ 100 ಪಾಲಿನ ಹತ್ತಿರ ಬಂದಾಗ ಕೆಲವೇ ನಿಮಿಷಗಳಲ್ಲಿ ಮೂಗನ್ನೇ ಮರಗಟ್ಟಿಸುತ್ತದೆ. ವಾಸನೆ ಹೋಯಿತು ಎಂದರೆ ವಿಷ ಹೋಗಿರಬಹುದು, ಹೆಚ್ಚಿರಲೂಬಹುದು. ಮಂಚದಡಿಯಲ್ಲಿ ಬ್ಯಾಟರಿ, ಮೇಲೆ ಮಲಗಿದ ಮಕ್ಕಳು ಇರುವ ಗಾಡಿಯಲ್ಲಿ ಈ ಅನುಮಾನವನ್ನು ಉಳಿಸಿಕೊಂಡು ರಾತ್ರಿ ಕಳೆಯುವುದು ಸಲ್ಲದು.

ಎರಡನೆಯ ವಾದ ಇನ್ನೂ ಗಟ್ಟಿಯಾಗಿ ಕೇಳುತ್ತದೆ: ಗೋಡೆಯ ಮೀಟರು 14.4 ವೋಲ್ಟ್ ತೋರಿಸುತ್ತಿದೆ, ಬ್ಯಾಟರಿಗೆ ಏನೂ ಆಗಿಲ್ಲ. ಆ ಅಂಕಿ ಚಾರ್ಜರಿನದು, ಬ್ಯಾಟರಿಯದಲ್ಲ. 12 ವೋಲ್ಟಿನ ಬ್ಯಾಟರಿಯಲ್ಲಿ ಆರು ಸೆಲ್ಲು. 14.4 ಅನ್ನು ಆರಕ್ಕೆ ಹಂಚಿದರೆ ತಲಾ 2.4 ವೋಲ್ಟ್, ಅಂದರೆ ಗುಳ್ಳೆ ಏಳಲು ಶುರುವಾಗುವ ಅಂಚು. ಒಂದು ಸೆಲ್ಲು ಒಳಗೇ ಶಾರ್ಟ್ ಆದರೆ ಅದೇ 14.4 ಐದು ಸೆಲ್ಲುಗಳ ಮೇಲೆ ಬೀಳುತ್ತದೆ: ತಲಾ 2.88. ಅವು ಕುದಿಯುತ್ತವೆ, ನೀರು ಆರುತ್ತದೆ, ಕಾವೇರಿದ ಆಸಿಡ್‌ನ ಸಲ್ಫೇಟು ಕೊಳೆತ ಮೊಟ್ಟೆಯ ಅನಿಲವಾಗುತ್ತದೆ. ಬ್ಯಾಟರಿ ತುಂಬಿದಂತೆ ಕರೆಂಟು ಇಳಿಯಬೇಕು, ಇಲ್ಲಿ ಇಳಿಯುವುದೇ ಇಲ್ಲ. ಇಳಿಯುವುದನ್ನೇ ಕಾಯುವ ಚಾರ್ಜರು ಇನ್ನೂ ತುಂಬಿಲ್ಲವೆಂದು ತಿಳಿದು ಉಣಿಸುತ್ತಲೇ ಇರುತ್ತದೆ. ಮೀಟರು ಮಾತ್ರ ಅದೇ 14.4 ಹಿಡಿದು ನಿಂತಿರುತ್ತದೆ.

ಹಾಗಾಗಿ ಮೊದಲು ಉಣಿಸುವುದನ್ನು ನಿಲ್ಲಿಸಬೇಕು. ಹೊರಗಿನ ಕರೆಂಟಿನ ಕೇಬಲ್ ಕಿತ್ತರೆ ಮುಗಿಯಲಿಲ್ಲ. ಚಾವಣಿಯ ಸೋಲಾರ್ ಹಗಲಿಡೀ ಚಾರ್ಜ್ ಮಾಡುತ್ತದೆ, ಎಂಜಿನ್ ಓಡುತ್ತಿದ್ದರೆ ಆಲ್ಟರ್ನೇಟರ್ ಕೂಡ. ಚಾರ್ಜ್ ನಡೆಯುವಾಗಲೇ ಕ್ಲಾಂಪ್ ಕಿತ್ತರೆ ಹಾರುವ ಕಿಡಿಯೇ ಸ್ಫೋಟಕ್ಕೆ ಸಾಕು. ಎಲ್ಲ ನಿಲ್ಲಿಸಿ, ಬಾಗಿಲು ತೆರೆದು, ಗಾಳಿ ಚೆನ್ನಾಗಿ ಆಡಿದ ಮೇಲೆ ಕನ್ನಡಕ, ಗ್ಲೌಸು ಹಾಕಿಕೊಂಡು ಬ್ಯಾಟರಿಗಳನ್ನು ಒಂದರಿಂದೊಂದು ಬಿಡಿಸಬೇಕು. ಪ್ಯಾರಲಲ್ ಜೋಡಣೆಯಿದ್ದರೆ ಚಾರ್ಜರ್ ಇಲ್ಲದಿದ್ದರೂ ಒಳ್ಳೆಯ ಬ್ಯಾಟರಿ ಕೆಟ್ಟದ್ದರೊಳಕ್ಕೆ ಕರೆಂಟು ಸುರಿಯುತ್ತಲೇ ಇರುತ್ತದೆ. ಆರು ವೋಲ್ಟಿನ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿಟ್ಟ ಗಾಡಿಯಲ್ಲಿ ಸತ್ಯ ಆಗ ಬಯಲಾಗುತ್ತದೆ. ಒಂದರ ಕವಚ ಆರಿರುತ್ತದೆ, ಇನ್ನೊಂದರ ಪಕ್ಕ ಉಬ್ಬಿ ಇನ್ನೂ ಬೆಚ್ಚಗಿರುತ್ತದೆ. ಕೆಲವು ಗಂಟೆ ಬಿಟ್ಟು ಮಲ್ಟಿಮೀಟರ್ ಹಿಡಿದರೆ ಒಂದು 6.3, ಇನ್ನೊಂದು 4.2. ಹೈಡ್ರೋಮೀಟರಿನ ತೇಲುಗುಂಡು ಒಳ್ಳೆಯ ಸೆಲ್ಲುಗಳಲ್ಲಿ 1.265ರ ಆಸುಪಾಸಿನಲ್ಲಿ ನಿಂತು, ಕೆಟ್ಟ ಸೆಲ್ಲಿನಲ್ಲಿ ತಳ ಹಿಡಿಯುತ್ತದೆ. ನಮ್ಮ ಮನೆಗಳ ಮೆಟ್ಟಿಲಡಿಯ ಇನ್ವರ್ಟರ್ ಬ್ಯಾಟರಿಯ ರಸಾಯನವೂ ಇದೇ. ವಾಸನೆ ಬಂದಾಗ ಡಿಸ್ಟಿಲ್ಡ್ ವಾಟರ್ ತುಂಬಿ ಮುಚ್ಚಳ ಹಾಕಿಬಿಡುವುದು ಅಲ್ಲೂ ತಪ್ಪೇ. ನೀರು ಮಟ್ಟವನ್ನು ಏರಿಸುತ್ತದೆ, ಶಾರ್ಟ್ ಆದ ಪ್ಲೇಟನ್ನು ಬಿಡಿಸುವುದಿಲ್ಲ.

ಇಷ್ಟೆಲ್ಲ ಯಾಕೆ, ಹೊಸ ಬ್ಯಾಟರಿ ಹಾಕಿದರಾಯಿತು ಎನ್ನುವವರಿಗೆ ಉತ್ತರ ಚಾರ್ಜರಿನಲ್ಲಿದೆ. ಎಲ್ಲ ಸೆಲ್ಲುಗಳೂ ಒಂದೇ ಸಮನೆ ಬಿಸಿಯಾಗಿ, ಎಲ್ಲದರಲ್ಲೂ ನೀರು ಒಂದೇ ಸಮನೆ ಇಳಿದಿದ್ದರೆ ಕೆಟ್ಟದ್ದು ಬ್ಯಾಟರಿಯಲ್ಲ. ವೋಲ್ಟೇಜು ಇಳಿಸಲು ಬಾರದ ಹಳೆಯ ಕನ್ವರ್ಟರ್, ಸೆಕೆಗೆ ತಕ್ಕಂತೆ ಚಾರ್ಜ್ ತಗ್ಗಿಸದ ಸೆಟ್ಟಿಂಗು ಹೊಸ ಜೋಡಿಯನ್ನೂ ಹಾಗೇ ಕುದಿಸುತ್ತವೆ. 25 ಡಿಗ್ರಿಗೆ ಹೊಂದಿಸಿದ 14.4 ವೋಲ್ಟು, ಬ್ಯಾಟರಿ 40 ಡಿಗ್ರಿ ಮುಟ್ಟುವ ಅರಿಜೋನಾದ ಬೇಸಿಗೆಯಲ್ಲಿ 14ರ ಆಸುಪಾಸಿಗೆ ಇಳಿಯಬೇಕು. ಲಿಥಿಯಂ ಹಾಕಿಸಿಕೊಂಡವರಿಗೆ ಮೊಟ್ಟೆಯ ವಾಸನೆಯ ಕಾಟ ಇಲ್ಲ, ನಿಜ. ಅಲ್ಲಿ ಹೆದರಬೇಕಾದ್ದು ಥಿನ್ನರಿನಂಥ ಸಿಹಿ ಘಾಟಿಗೆ. ಆ ಘಾಟು ಬಂತೆಂದರೆ ಸೆಲ್ಲು ಬಾಯಿ ಬಿಟ್ಟಿರಬಹುದು; ಆಗ ಮೀಟರು ಹುಡುಕುತ್ತ ಕೂರದೆ ಗಾಡಿ ಬಿಟ್ಟು ಇಳಿಯಬೇಕು.