ನೆಲಮಾಳಿಗೆಯ ಪಂಪೂ ಅದರ ಮೇಲಿನ ಅಂಕಿಗಳೂ

ಪಂಪು ಕೊಳ್ಳಲು ಹೋದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ‘ಎಷ್ಟು ಎಚ್.ಪಿ.?’ ಪೆಟ್ಟಿಗೆಯ ಮೇಲೆ ಇನ್ನೂ ಎರಡು ಅಂಕಿಗಳು ದಪ್ಪಕ್ಷರದಲ್ಲಿ ಇರುತ್ತವೆ. ಗರಿಷ್ಠ ಎತ್ತರ 12 ಮೀಟರ್, ಗರಿಷ್ಠ ಹರಿವು ನಿಮಿಷಕ್ಕೆ 200 ಲೀಟರ್ ಎಂಬಂತೆ. ಇವೆರಡೂ ಸುಳ್ಳಲ್ಲ. ಆದರೆ ಎರಡೂ ಏಕಕಾಲಕ್ಕೆ ನಿಜವಾಗುವುದಿಲ್ಲ. ನೀರು 12 ಮೀಟರ್ ಏರಿದಾಗ ಹರಿವು ಸೊನ್ನೆ; ಹರಿವು 200 ಲೀಟರ್ ಆಗುವುದು ನೀರನ್ನು ಮೇಲೆತ್ತುವ ಕೆಲಸವೇ ಇಲ್ಲದಾಗ. ಈ ಎರಡು ತುದಿಗಳ ನಡುವಿನ ವಕ್ರರೇಖೆಯಲ್ಲಿದೆ ಪಂಪಿನ ನಿಜವಾದ ಗುಣ. ಅದು ಬಹುಮಟ್ಟಿಗೆ ಕೈಪಿಡಿಯ ಒಳಪುಟದಲ್ಲಿ ಅಡಗಿರುತ್ತದೆ. ನೆಲಮಾಳಿಗೆಯ ನೀರು ಹೊರಹಾಕುವ ಪಂಪು, ಕರೆಂಟು ಹೋದಾಗ ಅದನ್ನು ನಡೆಸಬೇಕಾದ ಬ್ಯಾಟರಿ, ಎರಡರ ವ್ಯಾಪಾರದಲ್ಲೂ ಇದೇ ಪದ್ಧತಿ. ನನ್ನ ಆಕ್ಷೇಪ ಈ ಪದ್ಧತಿಯ ಬಗ್ಗೆ.

ಮೊದಲು ಒಂದು ಸ್ಪಷ್ಟನೆ. ಬೆಂಗಳೂರಿಗರಿಗೆ ‘ಸಂಪು’ ಎಂದರೆ ಕುಡಿಯುವ ನೀರು ತುಂಬಿಡುವ, ನೆಲದೊಳಗಿನ ತೊಟ್ಟಿ. ಇಲ್ಲಿ ಹೇಳುತ್ತಿರುವುದು ಅದಲ್ಲ. ವಾಹನ ನಿಲ್ಲಿಸುವ ನೆಲಮಾಳಿಗೆಯ ಮೂಲೆಯಲ್ಲಿ, ಇಳಿಜಾರಿನಿಂದ ಹರಿದು ಬಂದ ಮಳೆನೀರೂ ಗೋಡೆಯಿಂದ ಜಿನುಗಿದ ನೀರೂ ಸೇರುವ ಗುಂಡಿಯ ಮಾತು ಇದು.

ಆ ಗುಂಡಿಗೆ ಎಷ್ಟು ನೀರು ಬರುತ್ತದೆ? ಲೆಕ್ಕ ಸುಲಭ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ನಿಮ್ಮ ಸಮುಚ್ಚಯದ ಇಳಿಜಾರು 6 ಮೀಟರ್ ಅಗಲ, 15 ಮೀಟರ್ ಉದ್ದ ಎನ್ನೋಣ. ಗಂಟೆಗೆ 60 ಮಿ.ಮೀ. ದರದಲ್ಲಿ ಮಳೆ ಸುರಿದರೆ ನಿಮಿಷಕ್ಕೆ 90 ಲೀಟರ್, ಅಂದರೆ ಸೆಕೆಂಡಿಗೆ ಒಂದೂವರೆ ಲೀಟರ್. ಅದನ್ನು 5 ಮೀಟರ್ ಎತ್ತಲು ಬೇಕಾದ ಸಾಮರ್ಥ್ಯ ಸುಮಾರು 75 ವಾಟ್ ಮಾತ್ರ! ಸಣ್ಣ ಪಂಪುಗಳ ದಕ್ಷತೆ ಕಡಿಮೆ. ನಾಲ್ಕರಲ್ಲಿ ಒಂದು ಪಾಲು ಎಂದೇ ಹಿಡಿದರೂ 300 ವಾಟ್ ಆಯಿತು. ಅರ್ಧ ಎಚ್.ಪಿ. ಎಂದರೆ 373 ವಾಟ್. ಹಾಗಾಗಿ ಅಂಗಡಿಯಲ್ಲಿ ಕೇಳಬೇಕಾದದ್ದು ಎಚ್.ಪಿ.ಯನ್ನಲ್ಲ, ‘5 ಮೀಟರಿನಲ್ಲಿ ನಿಮಿಷಕ್ಕೆ ಎಷ್ಟು ಲೀಟರು?’ ಎಂಬುದನ್ನು. ಉತ್ತರ ಬರದಿದ್ದರೆ ಬೇರೆ ಅಂಗಡಿ ನೋಡಿ. ಒಂದು ದೊಡ್ಡ ಪಂಪಿಗಿಂತ ಎರಡು ಚಿಕ್ಕವು ಮೇಲು: ಎರಡನೆಯದರ ತೇಲುಗುಂಡನ್ನು ತುಸು ಎತ್ತರದಲ್ಲಿಟ್ಟರೆ, ಮೊದಲನೆಯದು ಕೈಕೊಟ್ಟ ದಿನ ಅದು ತಾನಾಗಿ ಚಾಲೂ ಆಗುತ್ತದೆ.

ಕೊಳವೆಯ ವಿಷಯದಲ್ಲಿ ಆಗುವಷ್ಟು ನಷ್ಟ ಬೇರೆಲ್ಲೂ ಆಗುವುದಿಲ್ಲ. ಪ್ಲಂಬರು ಉಳಿದಿದ್ದ ಒಂದಿಂಚಿನ ಪೈಪನ್ನೇ ಜೋಡಿಸಿ ಹೋಗುತ್ತಾನೆ. ಅದೇ ಒಂದೂವರೆ ಲೀಟರ್ ಹರಿವು 20 ಮೀಟರ್ ಉದ್ದದ ಎರಡಿಂಚಿನ ಪೈಪಿನಲ್ಲಿ ಸಾಗುವಾಗ ಘರ್ಷಣೆಗೆ ಕಳೆದುಕೊಳ್ಳುವುದು ಸುಮಾರು ಕಾಲು ಮೀಟರ್ ಎತ್ತರದಷ್ಟು. ಒಂದಿಂಚಿನದರಲ್ಲಿ? ಸುಮಾರು 7 ಮೀಟರ್! ವ್ಯಾಸ ಅರ್ಧವಾದರೆ ನಷ್ಟ ಸುಮಾರು ಮೂವತ್ತು ಪಟ್ಟು. 5 ಮೀಟರ್ ಎತ್ತಬೇಕಾದ ಪಂಪಿನ ಮೇಲೆ ಈಗ 12 ಮೀಟರಿನ ಹೊರೆ. ನಮ್ಮ ಪೆಟ್ಟಿಗೆಯ ಪಂಪಿಗೆ ಅದು ಹರಿವು ಸೊನ್ನೆಯಾಗುವ ತುದಿ. ಪಂಪು ಅಲ್ಲಿಗೆ ಮುಟ್ಟುವ ಮೊದಲೇ ಹರಿವನ್ನು ಕುಗ್ಗಿಸಿಕೊಂಡು ಸಣ್ಣ ಧಾರೆಗೆ ಇಳಿಯುತ್ತದೆ. ಆಗ ಮನೆಯವರು ಪಂಪನ್ನು ಬೈದು, ಇನ್ನೂ ದೊಡ್ಡ ಎಚ್.ಪಿ.ಯದನ್ನು ತಂದು ಅದೇ ಪೈಪಿಗೆ ಜೋಡಿಸುತ್ತಾರೆ.

ಯಾವ ಪಂಪಿನಿಂದಲೂ ಆಗದ ಕೆಲಸವೊಂದಿದೆ. 2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಬೆಳ್ಳಂದೂರು, ಯಮಲೂರು ಕಡೆಯ ಬಡಾವಣೆಗಳು ಮುಳುಗಿದ್ದು ನಿಮಗೆ ನೆನಪಿರಬಹುದು. ಅಂಥ ದಿನ ನೆಲಮಾಳಿಗೆಗೆ ಬರುವುದು ಇಳಿಜಾರಿನ ಮೇಲೆ ಬಿದ್ದ ಮಳೆಯಲ್ಲ, ರಸ್ತೆಯ ನೀರು. 15 ಸೆಂ.ಮೀ. ಆಳದ ನೀರು 6 ಮೀಟರ್ ಅಗಲದ ಬಾಯಿಯಿಂದ ತಡೆಯಿಲ್ಲದೆ ಒಳಕ್ಕೆ ಧುಮುಕಿದರೆ ಅದು ಸೆಕೆಂಡಿಗೆ 500 ಲೀಟರನ್ನೂ ಮೀರಬಹುದು. ನಮ್ಮ ಪಂಪು ಎತ್ತುವುದು ಒಂದೂವರೆ, ಎರಡು ಲೀಟರ್. ಇಲ್ಲಿ ಕೆಲಸಕ್ಕೆ ಬರುವುದು ಇಳಿಜಾರಿನ ತಲೆಯಲ್ಲಿ ಕಟ್ಟಿದ ಒಂದಡಿ ಎತ್ತರದ ಸಿಮೆಂಟು ದಿಬ್ಬ. ಇದನ್ನು ಮಾರುವವರಿಲ್ಲ, ಆದ್ದರಿಂದ ಹೇಳುವವರೂ ಇಲ್ಲ.

ಇನ್ನು ಬ್ಯಾಟರಿ. ಗಾಳಿಮಳೆಗೆ ಮರ ಉರುಳಿ ತಂತಿ ಹರಿಯುವುದೂ ಗುಂಡಿ ತುಂಬುವುದೂ ಒಂದೇ ಹೊತ್ತಿನಲ್ಲಿ. ಬ್ಯಾಟರಿಯ ಮೇಲೆ ‘12 ವೋಲ್ಟ್, 150 ಎ.ಎಚ್.’ ಎಂದಿರುತ್ತದೆ. ಪಕ್ಕದಲ್ಲೇ ಚಿಕ್ಕದಾಗಿ ‘ಸಿ-20’ ಎಂದಿದ್ದರೆ, ಇಪ್ಪತ್ತು ಗಂಟೆಗಳ ಕಾಲ 7.5 ಆಂಪಿಯರಿನಂತೆ ನಿಧಾನವಾಗಿ ಎಳೆದರೆ ಮಾತ್ರ ಆ 150 ಸಿಗುತ್ತದೆ ಎಂದರ್ಥ. ಅರ್ಧ ಎಚ್.ಪಿ. ಪಂಪು 600 ವಾಟ್ ಬೇಡುತ್ತದೆ ಎಂದುಕೊಳ್ಳಿ; ಇನ್ವರ್ಟರಿನ ನಷ್ಟ ಸೇರಿಸಿದರೆ ಬ್ಯಾಟರಿಯಿಂದ ಹೊರಡುವುದು 58 ಆಂಪಿಯರ್. 150ನ್ನು 58ರಿಂದ ಭಾಗಿಸಿ ಎರಡೂವರೆ ಗಂಟೆ ಎಂದುಬಿಡುತ್ತಾರೆ. ಆದರೆ ಸೀಸ-ಆಮ್ಲ ಬ್ಯಾಟರಿಯಿಂದ ಅವಸರದಲ್ಲಿ ಎಳೆದಷ್ಟೂ ಒಟ್ಟು ಸಿಗುವುದು ಕಡಿಮೆ. ಫಲಕಗಳ ಸಣ್ಣ ರಂಧ್ರಗಳೊಳಗಿನ ಆಮ್ಲ ಬೇಗ ಮುಗಿಯುತ್ತದೆ, ಹೊರಗಿನ ಆಮ್ಲ ಒಳಗಿಳಿಯಲು ಸಮಯ ಬೇಕು. ಪ್ಯೂಕರ್ಟ್ ಇದನ್ನು 1897ರಲ್ಲಿಯೇ ಸೂತ್ರವಾಗಿ ಬರೆದಿಟ್ಟಿದ್ದಾನೆ. ಆ ಪ್ರಕಾರ ಹೊಸ ಬ್ಯಾಟರಿಯೇ ನಡೆಯುವುದು ಒಂದೂಮುಕ್ಕಾಲು ಗಂಟೆ. ಬ್ಯಾಟರಿ ಬಾಳಬೇಕಾದರೆ ಅದನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಬಾರದು. ಹಾಗಾದರೆ ಉಳಿದದ್ದು ಐವತ್ತು ನಿಮಿಷ. ಪಂಪು ಬಿಟ್ಟುಬಿಟ್ಟು ಓಡುವುದರಿಂದ ಗಡಿಯಾರದ ಲೆಕ್ಕದಲ್ಲಿ ಇದು ತುಸು ಹಿಗ್ಗೀತು. ಲಿಥಿಯಮ್ ಬ್ಯಾಟರಿಗಳಲ್ಲಿ ಈ ತೊಡಕು ಬಹಳ ಕಡಿಮೆ, ಬೆಲೆ ಹೆಚ್ಚು.

ಇನ್ವರ್ಟರು ಆರಿಸುವಾಗ ಓಡುವ ಪಂಪನ್ನು ನೋಡಿ ಮೋಸಹೋಗಬೇಡಿ. ಮೋಟಾರು ಆರಂಭದ ಕ್ಷಣದಲ್ಲಿ ನಾಲ್ಕರಿಂದ ಆರು ಪಟ್ಟು ವಿದ್ಯುತ್ತನ್ನು ಎಳೆಯುತ್ತದೆ. ದೀಪ, ಫ್ಯಾನಿಗೆಂದು ತಂದ 900 ವಿ.ಎ. ಇನ್ವರ್ಟರು ಅಲ್ಲೇ ಕೈಚೆಲ್ಲುತ್ತದೆ. ಇನ್ವರ್ಟರನ್ನೂ ವಿದ್ಯುತ್ ಫಲಕವನ್ನೂ ಜನರೇಟರನ್ನೂ ನೆಲಮಾಳಿಗೆಯಲ್ಲಿಯೇ ಇಡುವ ನಮ್ಮ ಕಟ್ಟಡದವರಿಗೆ ಏನು ಹೇಳೋಣ? 2011ರ ಮಾರ್ಚಿನಲ್ಲಿ ಜಪಾನಿನ ಫುಕುಶಿಮಾ ಸ್ಥಾವರದಲ್ಲಿ ಸುನಾಮಿಯ ನೀರಿಗೆ ಸಿಕ್ಕಿದ ತುರ್ತು ಜನರೇಟರುಗಳಲ್ಲಿ ಹೆಚ್ಚಿನವು ಇದ್ದದ್ದೂ ನೆಲಮಾಳಿಗೆಯಲ್ಲೇ.

2025ರ ಮೇ 19ರಂದು ಬೆಂಗಳೂರಿನ ಬಿಟಿಎಂ ಬಡಾವಣೆ ಪ್ರದೇಶದಲ್ಲಿ, ಸಮುಚ್ಚಯಕ್ಕೆ ನುಗ್ಗಿದ ಮಳೆನೀರನ್ನು ಮೋಟಾರಿನಿಂದ ಹೊರಹಾಕಲು ಹೋಗಿ ಒಬ್ಬ ಹಿರಿಯರೂ ಒಬ್ಬ ಬಾಲಕನೂ ವಿದ್ಯುದಾಘಾತಕ್ಕೆ ಬಲಿಯಾದರು. ಪಂಪಿನ ಮಾರ್ಗಕ್ಕೆ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಬೇಕೇಬೇಕು. ವಿದ್ಯುತ್ತು ನೀರಿಗೋ ಮೈಗೋ ಸೋರಿದೊಡನೆ ಅದು ಸಂಪರ್ಕ ಕಡಿಯುತ್ತದೆ. ಸಾಮಾನ್ಯ ಎಂ.ಸಿ.ಬಿ. ಈ ಕೆಲಸ ಮಾಡಲಾರದು, ಅದು ತಂತಿಯನ್ನು ಕಾಯುತ್ತದೆಯೇ ಹೊರತು ಮನುಷ್ಯನನ್ನಲ್ಲ. ‘ಪದೇ ಪದೇ ಬೀಳುತ್ತೆ’ ಎಂದು ಅದನ್ನು ತೆಗೆಸಿ ನೇರ ಜೋಡಿಸುವವರಿದ್ದಾರೆ. ಪದೇ ಪದೇ ಬೀಳುತ್ತಿದ್ದರೆ ಪಂಪಿನ ಸೀಲು ಹೋಗಿದೆಯೇ ಎಂದು ನೋಡಿಸಬೇಕು. ಇನ್ನೊಂದು ಮಾತು: ಮೇನ್ ಸ್ವಿಚ್ ಆಫ್ ಮಾಡಿದ ಮೇಲೂ ಇನ್ವರ್ಟರಿನ ತಂತಿಯಲ್ಲಿ 230 ವೋಲ್ಟ್ ಇರುತ್ತದೆ. ಅದನ್ನೂ ಆರಿಸದೆ ನಿಂತ ನೀರಿಗೆ ಕಾಲಿಡಬೇಡಿ.

ನಿರ್ವಹಣೆಗೆ ಹೆಚ್ಚು ಖರ್ಚಿಲ್ಲ. ಏಪ್ರಿಲ್ ಮುಗಿಯುವುದರೊಳಗೆ, ಎರಡೂ ಕಡೆಯ ವಿದ್ಯುತ್ತು ತೆಗೆದು ಗುಂಡಿಯ ಹೂಳು, ಪ್ಲಾಸ್ಟಿಕ್ ಚೀಲ ಎತ್ತಿಸಿ. ಶುದ್ಧ ನೀರಿನ ಓಪನ್‌ವೆಲ್ ಪಂಪನ್ನು ಇಲ್ಲಿಳಿಸಿದವರ ಪಂಪು ಕಟ್ಟಿಕೊಳ್ಳುವುದು ಈ ಹೂಳಿನಿಂದಲೇ. ಕೊಳೆನೀರಿಗೆಂದೇ ಮಾಡಿದ ಪಂಪು ಬೇಕು. ತೇಲುಗುಂಡು ಗೋಡೆಗೆ ತಾಗದೆ ಆಡುತ್ತಿದೆಯೇ, ನೀರು ಹಿಂದಕ್ಕೆ ಬಾರದಂತೆ ತಡೆಯುವ ಕವಾಟ ಮುಚ್ಚುತ್ತಿದೆಯೇ ನೋಡಿ. ಬ್ಯಾಟರಿಗೆ ಬಟ್ಟಿ ಇಳಿಸಿದ ನೀರನ್ನೇ ಹಾಕಿ, ಬೋರ್‌ವೆಲ್ ನೀರನ್ನಲ್ಲ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಆರ್.ಸಿ.ಸಿ.ಬಿ.ಯ ಪರೀಕ್ಷಾ ಗುಂಡಿ ಒತ್ತಿ, ಬಳಿಕ ಮೇನ್ ಸ್ವಿಚ್ ಆರಿಸಿ, ಗುಂಡಿಗೆ ದೂರದಿಂದ ಮೆದುಗೊಳವೆಯಲ್ಲಿ ನೀರು ಬಿಡಿ. ಪಂಪು ಬ್ಯಾಟರಿಯ ಮೇಲೆ ತಾನಾಗಿ ಹೊರಟು ತಾನಾಗಿ ನಿಲ್ಲಬೇಕು. ಎಷ್ಟು ನಿಮಿಷ ಓಡಿತು ಎಂಬುದನ್ನು ಬ್ಯಾಟರಿಯ ಪಕ್ಕದ ಗೋಡೆಯ ಮೇಲೆ ದಿನಾಂಕದೊಂದಿಗೆ ಬರೆದಿಡಿ. ಮುಂದಿನ ವರ್ಷ ಬ್ಯಾಟರಿ ಬದಲಿಸಬೇಕೋ ಬೇಡವೋ ಎಂದು ಕೇಳಲು ಅಂಗಡಿಗೆ ಹೋಗಬೇಕಾಗಿಲ್ಲ.