ಐದಕ್ಕೆ ಏಳಿ ಅನ್ನುವ ಪುಸ್ತಕ, ಹತ್ತೂವರೆಗೆ ಮುಗಿಯುವ ಕಾಲ್

ರಾಬಿನ್ ಶರ್ಮಾ ಅವರ ‘ದಿ 5 ಎಎಂ ಕ್ಲಬ್’ ಬಂದಿದ್ದು 2018ರಲ್ಲಿ. ವೈಟ್‌ಫೀಲ್ಡಿನ ಪಿಜಿಗಳಲ್ಲಿ, ಎಲೆಕ್ಟ್ರಾನಿಕ್ ಸಿಟಿಯ ಕಂಪನಿ ಬಸ್ಸುಗಳಲ್ಲಿ ಅದನ್ನು ಓದೋರು ಈಗಲೂ ಸಿಗ್ತಾರೆ. ಓದದೇ ಇರೋರಿಗೂ ಅದರ ಸಾರ ಗೊತ್ತು, ಎಲ್ಲಾ ರೀಲ್ಸ್ ಪುಣ್ಯ: ಐದಕ್ಕೆ ಎದ್ದವರು ಉದ್ಧಾರ ಆಗ್ತಾರೆ, ಏಳಕ್ಕೆ ಎದ್ದವರು ಇದ್ದಲ್ಲೇ ಇರ್ತಾರೆ.

ಪುಸ್ತಕ ಇರೋದು ಕತೆಯ ರೂಪದಲ್ಲಿ. ಕಂಪನಿಯ ಜಂಜಾಟದಲ್ಲಿ ಸೋತ ಒಬ್ಬ ಮಹಿಳಾ ಉದ್ಯಮಿ, ದಾರಿ ಕಾಣದ ಒಬ್ಬ ಕಲಾವಿದ. ಬೀದಿಯಲ್ಲಿರುವವನ ವೇಷದಲ್ಲಿ ಸಿಗುವ ಒಬ್ಬ ಕೋಟ್ಯಧಿಪತಿ ಇವರನ್ನು ಮಾರಿಷಸ್‌ಗೆ ಕರೆದೊಯ್ದು ಪಾಠ ಮಾಡ್ತಾನೆ. ಪಾಠದ ತಿರುಳು 20/20/20: ಐದರಿಂದ ಆರರವರೆಗೆ 20 ನಿಮಿಷ ಬೆವರು ಹರಿಸಿ, 20 ನಿಮಿಷ ಧ್ಯಾನ ಮಾಡಿ ಅಥವಾ ಡೈರಿ ಬರೆಯಿರಿ, 20 ನಿಮಿಷ ಹೊಸದೇನಾದರೂ ಕಲಿಯಿರಿ.

ಕತೆಯಾಗಿ ಇದು ಸಪ್ಪೆ. ಕೋಟ್ಯಧಿಪತಿ ಹೇಳಿದ್ದಕ್ಕೆಲ್ಲ ಬೆರಗಾಗೋದೇ ಉಳಿದವರ ಕೆಲಸ. ಸಲಹೆಯಾಗಿ ಮಾತ್ರ ತೆಗೆದುಹಾಕುವಂಥದ್ದಲ್ಲ. ಫೋನು ಬಡಿದುಕೊಳ್ಳುವ ಮೊದಲು, ಐಟಿಪಿಎಲ್ ರಸ್ತೆ ಹಾರನ್ನಿನಿಂದ ತುಂಬುವ ಮೊದಲು, ಒಂದು ಗಂಟೆ ನಮ್ಮದೇ ಆಗಿ ಸಿಕ್ಕರೆ ಅದು ದೊಡ್ಡ ಲಾಭವೇ. ದಿನಾ ಒಂದೇ ಹೊತ್ತಿಗೆ ಏಳೋದು, ಬೆಳಗಿನ ಬೆಳಕಿಗೆ ಮೈಯೊಡ್ಡೋದು ನಿದ್ದೆಗೂ ಒಳ್ಳೇದು.

ನನ್ನ ತಕರಾರು ಬೇರೆ. ಬೇಗ ಏಳೋದೇ ಯಶಸ್ಸಿನ ಗುಟ್ಟಾಗಿದ್ದರೆ ಪೀಣ್ಯದಲ್ಲಿ ಬೀದಿಗೊಬ್ಬ ಕೋಟ್ಯಧಿಪತಿ ಇರಬೇಕಿತ್ತು. ಆರು ಗಂಟೆಯ ಫಸ್ಟ್ ಶಿಫ್ಟಿಗೆ ಹೋಗೋರು ಐದಕ್ಕೆಲ್ಲ ಬಸ್ ಸ್ಟಾಪಿನಲ್ಲಿರ್ತಾರೆ. ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳದ್ದೂ ಒಂದು 20/20/20 ಇದೆ: ನೀರು ಹಿಡಿಯೋದು, ಅಡುಗೆ ಮಾಡೋದು, ಮಕ್ಕಳ ಡಬ್ಬಿ ಕಟ್ಟೋದು. ಇವರ ಬಗ್ಗೆ ಯಾರೂ ರೀಲ್ಸ್ ಮಾಡಲ್ಲ. ಎದ್ದ ಗಂಟೆ ಅದೇ, ಆದರೆ ಅದು ಇವರದಲ್ಲ. ಪುಸ್ತಕ ಈ ವ್ಯತ್ಯಾಸವನ್ನು ನೋಡೋದೇ ಇಲ್ಲ.

ಇನ್ನು ನಮ್ಮ ಐಟಿ ಮಂದಿಯ ವಿಷಯ. ನ್ಯಾಯವಾಗಿ ಹೇಳಬೇಕೆಂದರೆ, ಶರ್ಮಾ ನಿದ್ದೆಯನ್ನು ಮರೆತಿಲ್ಲ. ಸಂಜೆಯೇ ಫೋನು, ಲ್ಯಾಪ್‌ಟಾಪ್ ಬದಿಗಿಟ್ಟು ಬೇಗ ಮಲಗಿ ಅಂತ ಹೇಳಲಿಕ್ಕೇ ಒಂದು ಅಧ್ಯಾಯ ಇಟ್ಟಿದ್ದಾರೆ. ರೀಲ್ಸ್‌ಗಳಲ್ಲಿ ಕತ್ತರಿಸಿಹೋಗಿರೋದು ಅದೇ ಅಧ್ಯಾಯ. ಮಾರತ್ತಹಳ್ಳಿಯಲ್ಲಿ ಕೂತವನಿಗೆ ಅದನ್ನು ಪಾಲಿಸೋ ದಾರಿಯೂ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಬೆಳಗ್ಗೆ 9 ಆದಾಗ ಇಲ್ಲಿ ರಾತ್ರಿ 9.30, ಅಲ್ಲಿನ ಚಳಿಗಾಲದಲ್ಲಿ 10.30. ಒಂದು ಗಂಟೆ ಕಾಲ್ ಮುಗಿಸಿ, ಊಟದ ತಟ್ಟೆ ತೊಳೆದು, ತಲೆ ತಣ್ಣಗಾಗಿ ಮಲಗುವಾಗ ಹನ್ನೆರಡು. ಆಮೇಲೆ ಐದಕ್ಕೆ ಅಲಾರಂ! ವಯಸ್ಕರಿಗೆ ಕನಿಷ್ಠ ಏಳು ಗಂಟೆ ನಿದ್ದೆ ಬೇಕು ಅಂತಾರೆ ವೈದ್ಯರು. ಸಾಲದಲ್ಲಿ ಎದ್ದವನಿಗೆ ಜರ್ನಲಿಂಗ್ ಏನು ಮಾಡೀತು?

ದೇಹದೊಳಗಿನ ಗಡಿಯಾರ ಹೇಗೆ ಕೆಲಸ ಮಾಡುತ್ತೆ ಅಂತ ಕಂಡುಹಿಡಿದ ಹಾಲ್, ರಾಸ್‌ಬಾಷ್, ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಬಂತು. ಆ ಗಡಿಯಾರ ಎಲ್ಲರದ್ದೂ ಒಂದೇ ಹೊತ್ತು ತೋರಿಸಲ್ಲ. ಕೆಲವರದ್ದು ಹುಟ್ಟಿನಿಂದಲೇ ಮುಂದೆ, ಕೆಲವರದ್ದು ಹಿಂದೆ. ತಡವಾಗಿ ಏಳೋನು ಸೋಮಾರಿ ಅನ್ನೋ ತೀರ್ಪಿಗೆ ಹೆಚ್ಚು ಆಧಾರ ಇಲ್ಲ.

ನಮ್ಮ ಹಿರಿಯರು ಬ್ರಾಹ್ಮೀ ಮುಹೂರ್ತದಲ್ಲಿ ಏಳ್ತಿರಲಿಲ್ವಾ ಅಂತ ಕೇಳಬಹುದು. ಏಳ್ತಿದ್ದರು, ಎಂಟೂವರೆಗೆ ದೀಪ ಆರಿಸಿ ಮಲಗ್ತಾನೂ ಇದ್ದರು. ನಾವು ಅವರ ಬೆಳಗನ್ನು ಮಾತ್ರ ಎರವಲು ತಂದು, ರಾತ್ರಿಯನ್ನು ಕ್ಲೈಂಟ್‌ಗೆ ಕೊಟ್ಟಿದ್ದೇವೆ.

ಹಾಗಾಗಿ ಲೆಕ್ಕ ಹಿಂದಿನಿಂದ ಹಾಕೋದು ಒಳ್ಳೇದು. ಕಾಲ್ ಮುಗಿಯೋದು 10.30ಕ್ಕೆ, ಮಲಗೋದು 11.30ಕ್ಕೆ ಅಂದರೆ ನಿಮ್ಮ ‘ಬೇಗ’ 6.30. ಅದರಲ್ಲಿ ನಾಚಿಕೆಪಡೋಕೆ ಏನೂ ಇಲ್ಲ. ಬೆಳಗು ಬದಲಾಗಬೇಕು ಅಂತ ನಿಜಕ್ಕೂ ಇದ್ದರೆ, ಅಲಾರಂ ಮುಟ್ಟುವ ಮೊದಲು ಮೀಟಿಂಗ್ ಇನ್ವೈಟ್ ಮುಟ್ಟಬೇಕು. ಒಂದು ವಾರ ನಮ್ಮ ರಾತ್ರಿ 9.30, ಮುಂದಿನ ವಾರ ನಮ್ಮ ಬೆಳಗ್ಗೆ 7.30; ಆಗ ಅಲ್ಲಿ ಹಿಂದಿನ ಸಂಜೆ 7. ಹೊರೆ ಇಬ್ಬರಿಗೂ ಹಂಚಲಿ ಅಂತ ಮ್ಯಾನೇಜರ್ ಹತ್ತಿರ ಕೇಳೋದು ಐದಕ್ಕೆ ಏಳೋದಕ್ಕಿಂತ ಕಷ್ಟ. ಆದರೆ ಇಡೀ ತಂಡಕ್ಕೆ ನಿದ್ದೆ ಸಿಗೋದು ಹಾಗೆ ಕೇಳಿದರೆ ಮಾತ್ರ.